ಶರ್ಟು ಶೋರೂಮಿನದ್ದು, ಕೈ ಗಲ್ಲಿಯ ಟೈಲರ್‌ದು: ಕಚೇರಿ ಉಡುಪಿನ ಒಂದು ವಿಮರ್ಶೆ

ಮೊದಲ ಸಲ ಕೆಲಸಕ್ಕೆ ಸೇರುವವರು ಬಟ್ಟೆಯ ವಿಷಯದಲ್ಲಿ ಕೇಳುವುದು ಒಂದೇ ಪ್ರಶ್ನೆ: ಯಾವ ಬ್ರಾಂಡ್ ತಗೊಳ್ಳಲಿ? ಎರಡೂವರೆ ಸಾವಿರದ ಶರ್ಟು ಹಾಕಿಕೊಂಡೂ ಅಣ್ಣನ ಶರ್ಟು ತೊಟ್ಟ ಹಾಗೆ ಕಾಣುವವರು ಎಲ್ಲ ಕಚೇರಿಗಳಲ್ಲೂ ಸಿಗುತ್ತಾರೆ. ಎಂಟುನೂರರ ಶರ್ಟಿನಲ್ಲಿ ಅಚ್ಚುಕಟ್ಟಾಗಿ ಕಾಣುವವರೂ ಸಿಗುತ್ತಾರೆ. ನಡುವಿನ ವ್ಯತ್ಯಾಸ ನೂರು, ನೂರೈವತ್ತು ರೂಪಾಯಿಯ ಆಲ್ಟರೇಷನ್. ಶೋರೂಮಿನ ರೆಡಿಮೇಡು, ಗಲ್ಲಿಯ ಟೈಲರ್, ಶೂ ಪಾಲಿಶ್, ಇಸ್ತ್ರಿ ಅಂಗಡಿ, ಸಲೂನ್, ಕೊನೆಗೆ ‘ಪರ್ಸನಾಲಿಟಿ’ ಕಲಿಸುವ ಕ್ಲಾಸು, ಇಷ್ಟನ್ನೂ ಇಲ್ಲಿ ತೂಗಿ ನೋಡಿದೆ. ಹೆಚ್ಚು ಅಂಕ ಗೆದ್ದದ್ದು ಬೋರ್ಡೂ ಇಲ್ಲದ ಟೈಲರ್ ಅಂಗಡಿ.

ಶೋರೂಮಿನಿಂದ ಶುರುಮಾಡೋಣ. ಲೂಯಿ ಫಿಲಿಪ್, ವ್ಯಾನ್ ಹ್ಯೂಸೆನ್, ಅಲೆನ್ ಸೋಲಿ, ಪೀಟರ್ ಇಂಗ್ಲೆಂಡ್ ನಾಲ್ಕೂ ಒಂದೇ ಮನೆಯವು. ಬೆಂಗಳೂರಿನ ಮದುರಾ ಗಾರ್ಮೆಂಟ್ಸ್ ಇವನ್ನು ಇಲ್ಲಿ ಬೆಳೆಸಿತು, 1999ರಲ್ಲಿ ಆದಿತ್ಯ ಬಿರ್ಲಾ ಗುಂಪು ಕೊಂಡುಕೊಂಡಿತು. ಹಾಗಾಗಿ ‘ಇದು ವಿದೇಶದ್ದು, ಅದು ನಮ್ಮದು’ ಎಂಬ ಲೆಕ್ಕದಲ್ಲಿ ದುಡ್ಡು ಸುರಿಯುವ ಅಗತ್ಯವಿಲ್ಲ. ಬೆಲೆ ಏರುವುದು ನೂಲಿನ ನಯ, ಕಾಲರಿನ ಒಳಪದರ, ಹೊಲಿಗೆಯ ಒತ್ತು ಇವುಗಳಿಂದ, ಉಳಿದದ್ದು ಅಂಗಡಿಯ ಬಾಡಿಗೆ ಮತ್ತು ಜಾಹೀರಾತು. ತೆರಿಗೆಯೂ ನೆನಪಿರಲಿ: 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಮಾರಾಟ ಬೆಲೆ 2,500 ರೂಪಾಯಿಯೊಳಗಿದ್ದರೆ ಜಿಎಸ್‌ಟಿ ಶೇ 5, ದಾಟಿದರೆ ಶೇ 18. ಶೂಗಳಿಗೂ ಇದೇ ಗೆರೆ. ಹೊಸಬರು ಈ ಗೆರೆಯ ಆಚೆ ಹೋಗಬೇಕಾದ ಕಾರಣ ಒಂದೂ ಕಾಣಲಿಲ್ಲ.

ಲೇಬಲ್ಲಿನ 38, 39, 40, 42, 44 ಎಂಬ ಅಂಕಿಗಳನ್ನು ಎದೆಯ ಇಂಚು ಎಂದುಕೊಂಡವರೇ ಹೆಚ್ಚು. ಫಾರ್ಮಲ್ ಶರ್ಟಿನಲ್ಲಿ ಅದು ಕಾಲರಿನ ಸುತ್ತಳತೆ, ಸೆಂಟಿಮೀಟರಿನಲ್ಲಿ. 39 ಎಂದರೆ ಸುಮಾರು ಹದಿನೈದೂವರೆ ಇಂಚು, 42 ಎಂದರೆ ಹದಿನಾರೂವರೆ. ಎದೆಯ ಅಳತೆ ಅದರ ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. ಈ ಗೊಂದಲದಿಂದಲೇ ತೆಳು ಕತ್ತಿನವರು ಎದೆ ನೋಡಿ 42 ಕೊಂಡು, ಕಾಲರಿನೊಳಗೆ ಕತ್ತು ಬಾವಿಯಲ್ಲಿ ಬಿಂದಿಗೆ ಬಿಟ್ಟ ಹಾಗೆ ಕಾಣುವುದು.

ಟ್ರಯಲ್ ರೂಮಿನಲ್ಲಿ ಕನ್ನಡಿಗೆ ಮುಖ ಕೊಟ್ಟು ನಿಂತು ನೋಡಿದರೆ ಎಲ್ಲ ಶರ್ಟೂ ಚೆಂದವೇ. ಮೊದಲು ಮೇಲಿನ ಗುಂಡಿ ಹಾಕಿ, ಕಾಲರಿನೊಳಗೆ ಎರಡು ಬೆರಳು ಮಲಗಿಸಿ ತೂರಿಸಿ. ಮೂರನೆಯ ಬೆರಳೂ ಸಲೀಸಾಗಿ ಹೋದರೆ ದೊಡ್ಡದು, ಎರಡಕ್ಕೇ ಉಸಿರು ಕಟ್ಟಿದರೆ ಚಿಕ್ಕದು. ಭುಜದ ಹೊಲಿಗೆ ಭುಜದ ಮೂಳೆಯ ತುದಿಯಲ್ಲೇ ಕೂರಬೇಕು. ಅರ್ಧ ಇಂಚು ತೋಳಿನತ್ತ ಜಾರಿದರೂ ಇಡೀ ಶರ್ಟು ಎರವಲು ತಂದ ಹಾಗೆ ಕಾಣುತ್ತದೆ. ಆಮೇಲೆ ಇನ್‌ಶರ್ಟ್ ಮಾಡಿ ಎರಡೂ ಕೈ ತಲೆಯ ಮೇಲಕ್ಕೆ ಎತ್ತಿ: ಶರ್ಟಿನ ಅಂಚು ಪ್ಯಾಂಟಿನಿಂದ ಪೂರ್ತಿ ಕಿತ್ತು ಬಂದರೆ ಉದ್ದ ಸಾಲದು, ಇಲ್ಲವೇ ಕಂಕುಳ ಸುತ್ತು ತುಂಬ ಕೆಳಗಿದೆ. ಕೊನೆಗೆ ಒಳಗಿರುವ ಸ್ಟೂಲಿನ ಮೇಲೆ ಕೂತು ಹೊಟ್ಟೆಯ ಗುಂಡಿಗಳ ನಡುವೆ ಬಾಯಿ ಬಿಡುತ್ತದೆಯೇ ನೋಡಿ. ಕಚೇರಿಯಲ್ಲಿ ದಿನದ ಮುಕ್ಕಾಲು ಪಾಲು ಕೂತೇ ಇರುತ್ತೇವೆ, ಆದರೆ ಟ್ರಯಲ್ ರೂಮಿನಲ್ಲಿ ಕೂತು ನೋಡುವವರು ವಿರಳ.

ಬಿಳಿ ಶರ್ಟಾದರೆ ಬಟ್ಟೆಯ ಹಿಂದೆ ಅಂಗೈ ಇಟ್ಟು ನೋಡಿ. ಬೆರಳುಗಳು ಬಿಡಿಬಿಡಿಯಾಗಿ ಕಂಡರೆ ಬನಿಯನ್ನೂ ಕಾಣುತ್ತದೆ. ಬಿಳಿ ಶರ್ಟಿನೊಳಗೆ ಬಿಳಿ ಬನಿಯನ್ನೇ ಎದ್ದು ಕಾಣುವುದು, ಮೈಬಣ್ಣಕ್ಕೆ ಹತ್ತಿರದ್ದು ಅಥವಾ ಬೂದು ಬಣ್ಣದ್ದು ಕಾಣುವುದಿಲ್ಲ. ಹೇಳಿದರೆ ಯಾರೂ ನಂಬುವುದಿಲ್ಲ, ಒಮ್ಮೆ ಹಾಕಿ ನೋಡಿದರೆ ಸಾಕು.

ರೆಡಿಮೇಡಿನ ನಿಜವಾದ ಪರೀಕ್ಷೆ ಕಾಲರು. ಮೇಲಿನ ಬಟ್ಟೆಗೆ ಒಳಗಿನಿಂದ ಅಂಟು ಲೇಪಿಸಿದ ಒಂದು ಪದರವನ್ನು ಬಿಸಿಯಲ್ಲಿ ಒತ್ತಿ ಕೂರಿಸುತ್ತಾರೆ, ಅದಕ್ಕೆ ಫ್ಯೂಸಿಂಗ್ ಎನ್ನುತ್ತಾರೆ. ಅಂಟು ಅಗ್ಗದ್ದಾದರೆ, ಅಥವಾ ಒಗೆದಾಗ ಮೇಲಿನ ಬಟ್ಟೆ ಒಳಪದರಕ್ಕಿಂತ ಹೆಚ್ಚು ಕುಗ್ಗಿದರೆ, ನಾಲ್ಕಾರು ಒಗೆತದಲ್ಲಿ ಕಾಲರಿನ ಮೇಲೆ ಹಪ್ಪಳದಂತೆ ಗುಳ್ಳೆ ಏಳುತ್ತವೆ. ಮೇಲೆ ಥಳುಕು, ಒಳಗೆ ಹುಳುಕು. ಎದ್ದ ಗುಳ್ಳೆ ಇಸ್ತ್ರಿಗೆ ಅರ್ಧ ಗಂಟೆ ಅಡಗಿ ಮತ್ತೆ ಏಳುತ್ತದೆ. ಅಂಗಡಿಯಲ್ಲೇ ಕಾಲರನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಜ್ಜಿ: ಒಳಗೆ ಕಾಗದದಂತೆ ಚರಪರ ಸದ್ದಾದರೆ ಇಟ್ಟುಬಿಡಿ. ಕಾಲರಿನ ತುದಿಯಲ್ಲಿ ತೂರಿಸಿರುವ ಪ್ಲಾಸ್ಟಿಕ್ ಕಡ್ಡಿಗಳನ್ನು ಒಗೆಯುವ ಮುಂಚೆ, ಇಸ್ತ್ರಿಗೆ ಕೊಡುವ ಮುಂಚೆ ತೆಗೆಯಿರಿ. ಬಿಟ್ಟರೆ ಅದರ ಅಚ್ಚು ಬಟ್ಟೆಯ ಮೇಲೆ ಹೊಳಪಿನ ಗೆರೆಯಾಗಿ ಉಳಿದುಹೋಗುತ್ತದೆ.

‘ರಿಂಕಲ್ ಫ್ರೀ’ ಚೀಟಿ ನೋಡಿ ಖುಷಿಪಡುವ ಮುಂಚೆ ಒಂದು ಮಾತು. ಹತ್ತಿಗೆ ಸುಕ್ಕು ಬೀಳದಂತೆ ರಾಳದ ಲೇಪ ಕೊಟ್ಟಿರುತ್ತಾರೆ. ಆ ಲೇಪದಿಂದ ನೂಲಿನ ಬಲ ತಗ್ಗುತ್ತದೆ, ಬೆವರು ಹೀರುವುದೂ ಕಡಿಮೆಯಾಗುತ್ತದೆ. ಕಾಲರಿನ ಮಡಿಕೆಯಲ್ಲಿ, ಕಫ್ಫಿನ ಅಂಚಿನಲ್ಲಿ ಮೊದಲು ಸವೆಯುವುದು ಇವೇ. ಎಸಿ ಕಚೇರಿಗೆ, ಪ್ರಯಾಣ ಹೆಚ್ಚಿರುವವರಿಗೆ ಸರಿ. ಮಂಗಳೂರು, ರಾಯಚೂರು, ಕಲಬುರಗಿಯಲ್ಲಿ ಬಸ್ಸಿಳಿದು ನಡೆದು ಹೋಗುವವರಿಗೆ ಬೇಡ.

ಈಗ ಟೈಲರ್. ಕಾಲರು ಮತ್ತು ಭುಜ ಸರಿಯಿದ್ದರೆ ಉಳಿದದ್ದೆಲ್ಲ ಅವರ ಕೈಯಲ್ಲಿದೆ. ಆ ಎರಡು ಸರಿಯಿಲ್ಲದಿದ್ದರೆ ಎಂಥ ನುರಿತ ಕೈಯೂ ಉಳಿಸಲಾರದು. ಭುಜ ಒಳಕ್ಕೆ ತರಬೇಕೆಂದರೆ ತೋಳು ಪೂರ್ತಿ ಬಿಚ್ಚಿ, ಕಂಕುಳ ಸುತ್ತು ಹೊಸದಾಗಿ ಕತ್ತರಿಸಬೇಕು, ಆ ಕೂಲಿಗೆ ಇನ್ನೊಂದು ಶರ್ಟಿನ ಬಟ್ಟೆ ಬರುತ್ತದೆ. ಕಾಲರಿನ ಗುಂಡಿಯನ್ನು ಕಾಲು ಇಂಚು ಸರಿಸಬಹುದು, ಅದಕ್ಕಿಂತ ಹೆಚ್ಚು ಸರಿಸಿದರೆ ಕಾಲರಿನ ಎರಡು ತುದಿ ಸಮ ಕೂರುವುದಿಲ್ಲ.

ಪಕ್ಕದ ಹೊಲಿಗೆಯಲ್ಲಿ ಒಂದೊಂದು ಬದಿಗೆ ಒಂದು ಇಂಚಿನವರೆಗೆ ಹಿಡಿಸಬಹುದು. ‘ಸೊಂಟದ ಹತ್ತಿರ ಹಿಡೀರಿ’ ಎಂದಷ್ಟೇ ಹೇಳಿ ಬರಬೇಡಿ. ಶರ್ಟನ್ನು ಮೈಮೇಲೆ ತಿರುವಿ ಹಾಕಿಕೊಂಡು ನಿಂತರೆ ಟೈಲರ್ ಎರಡೂ ಕಡೆ ಪಿನ್ ಚುಚ್ಚಿ ಗುರುತು ಹಾಕುತ್ತಾರೆ. ಹೊಲಿಗೆ ಕಂಕುಳಿಂದಲೇ ಸಣ್ಣಗೆ ಶುರುವಾಗಿ ಸೊಂಟದಲ್ಲಿ ಹೆಚ್ಚಾಗಿ, ಕೆಳಗೆ ಮತ್ತೆ ಬಿಡಬೇಕು. ನೇರ ಗೆರೆ ಎಳೆದರೆ ಸೊಂಟ ಕೂತು ಸೀಟಿನ ಮೇಲೆ ಬಿಗಿಯುತ್ತದೆ. ಬೆನ್ನಿನಲ್ಲಿ ಬಟ್ಟೆ ಬಾವುಟದಂತೆ ಉಬ್ಬುತ್ತಿದ್ದರೆ ಹಿಂದೆ ಎರಡು ಡಾರ್ಟ್ (ಒಳಗೆ ಹಿಡಿದು ಹೊಲಿಯುವ ಚೂಪು ಮಡಿಕೆ) ಹಾಕಿಸಿ, ಒಂದೊಂದೂ ಅರ್ಧ ಇಂಚು ಸಾಕು. ತೋಳಿನ ಉದ್ದವನ್ನು ಕಫ್ ಬಿಚ್ಚಿ ಕತ್ತರಿಸಿ ಮತ್ತೆ ಕೂರಿಸಿ ತಗ್ಗಿಸುತ್ತಾರೆ. ಒಂದು ಇಂಚಿಗಿಂತ ಹೆಚ್ಚು ತೆಗೆದರೆ ಮುಂಗೈ ಸೀಳಿನ ಗುಂಡಿ ಕಫ್ಫಿಗೆ ಅಂಟಿಕೊಂಡ ಹಾಗೆ ಕಾಣುತ್ತದೆ. ಕೈ ಇಳಿಬಿಟ್ಟಾಗ ಕಫ್ ಮಣಿಕಟ್ಟಿನ ಮೂಳೆ ಮುಚ್ಚಿ ಹೆಬ್ಬೆರಳಿನ ಬುಡಕ್ಕೆ ನಿಲ್ಲಬೇಕು.

ಪ್ಯಾಂಟಿನ ವಿಷಯದಲ್ಲಿ ಹೆಚ್ಚು ಎಡವುವುದು ಉದ್ದದಲ್ಲಿ. ಅಳತೆ ಕೊಡುವಾಗ ಕಚೇರಿಗೆ ಹಾಕುವ ಶೂ ಕಾಲಲ್ಲಿರಲಿ, ಬೆಲ್ಟೂ ಇರಲಿ. ಚಪ್ಪಲಿಯಲ್ಲಿ ಹೋಗಿ ಅಳತೆ ಕೊಟ್ಟರೆ ಶೂ ಹಾಕಿದಾಗ ಕಾಲುಚೀಲ ಇಣುಕುತ್ತದೆ. ಮುಂದೆ ಶೂವಿನ ಮೇಲೆ ಒಂದೇ ಒಂದು ಸಣ್ಣ ಮಡಿಕೆ ಬಿದ್ದು, ಹಿಂದೆ ಹಿಮ್ಮಡಿಯ ಮೇಲಂಚು ಮುಚ್ಚಿದರೆ ಸರಿ. ಬಾಟಮ್, ಅಂದರೆ ಪ್ಯಾಂಟಿನ ಕಾಲಿನ ಕೆಳತುದಿಯ ಸುತ್ತಳತೆ, ಸಾಮಾನ್ಯ ಮೈಕಟ್ಟಿಗೆ 14ರಿಂದ 15 ಇಂಚು. ಅಂಚನ್ನು ಹೊರಗೆ ಕಾಣದ ಒಳಹೊಲಿಗೆಯಲ್ಲಿ ಹೆಮ್ಮಿಂಗ್ ಮಾಡಿಸಿ. ಬೇಗ ಮುಗಿಸಲು ಕೆಲವರು ಜೀನ್ಸಿನಂತೆ ಮೇಲೊಂದು ಮಿಷನ್ ಹೊಲಿಗೆ ಓಡಿಸುತ್ತಾರೆ, ಮೂರು ಸಾವಿರದ ಪ್ಯಾಂಟೂ ಅಲ್ಲಿಗೆ ಯೂನಿಫಾರ್ಮ್ ಆಗುತ್ತದೆ. ಕತ್ತರಿಸುವ ಬದಲು ಎರಡು ಇಂಚು ಒಳಗೆ ಮಡಚಿಡಲು ಹೇಳಿ, ಮುಂದೆ ಕುಗ್ಗಿದರೆ ಇಳಿಸಬಹುದು. ದೊಡ್ಡ ಶೋರೂಮುಗಳಲ್ಲಿ ಉದ್ದ ಸರಿಪಡಿಸುವ ಕೆಲಸ ಸಾಮಾನ್ಯವಾಗಿ ಬಿಟ್ಟಿ. ಸೊಂಟ, ಬಾಟಮ್‌ಗೆ ಹೊರಗಿನವರೇ ವಾಸಿ.

ಪೂರ್ತಿ ಹೊಲಿಸಿಕೊಳ್ಳುವುದು ಯಾರಿಗೆ? ಎತ್ತರ ಆರಡಿ ದಾಟಿದವರಿಗೆ, ಹೊಟ್ಟೆ ಮುಂದಿದ್ದು ಭುಜ ಸಣ್ಣಗಿರುವವರಿಗೆ, ಒಂದು ಭುಜ ಇಳಿದಿರುವವರಿಗೆ. ಇವರಿಗೆ ರೆಡಿಮೇಡಿನಲ್ಲಿ ಜನ್ಮದಲ್ಲಿ ಸರಿಯಾದದ್ದು ಸಿಗುವುದಿಲ್ಲ. ಬೆಂಗಳೂರಿನ ಚಿಕ್ಕಪೇಟೆ, ಹುಬ್ಬಳ್ಳಿಯ ದುರ್ಗದಬೈಲಿನ ಕಡೆ ಕಟ್‌ಪೀಸ್ ಅಂಗಡಿಗಳಲ್ಲಿ ಬಟ್ಟೆ ಆರಿಸಬಹುದು. 58 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ತುಂಬುತೋಳಿನ ಶರ್ಟಿಗೆ 1.6 ಮೀಟರ್, 36 ಇಂಚಿನದಾದರೆ ಎರಡೂಕಾಲರಿಂದ ಎರಡೂವರೆ. ಪ್ಯಾಂಟಿಗೆ 58 ಇಂಚಿನಲ್ಲಿ 1.2ರಿಂದ 1.3 ಮೀಟರ್. ಚೌಕಳಿ ಬಟ್ಟೆಗೆ ಕಾಲು ಮೀಟರ್ ಹೆಚ್ಚು ತನ್ನಿ, ಇಲ್ಲದಿದ್ದರೆ ಜೇಬಿನ ಚೌಕ ಎದೆಯ ಚೌಕಕ್ಕೆ ಹೊಂದುವುದಿಲ್ಲ. ಅಪ್ಪಟ ಹತ್ತಿಯಾದರೆ ಟೈಲರ್‌ಗೆ ಕೊಡುವ ಮುಂಚೆ ರಾತ್ರಿಯಿಡೀ ನೀರಿನಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ. ನೂರಕ್ಕೆ ಮೂರ್ನಾಲ್ಕು ಪಾಲು ಕುಗ್ಗುವುದು ಬಟ್ಟೆಯಲ್ಲೇ ಮುಗಿಯಲಿ, ಹೊಲಿದ ಶರ್ಟಿನಲ್ಲಿ ಬೇಡ.

ಅಳತೆಗೆ ನಿಂತಾಗ ಜೇಬಿನ ಪರ್ಸು, ಮೊಬೈಲು ತೆಗೆದಿಡಿ, ಹೊಟ್ಟೆ ಒಳಗೆಳೆಯಬೇಡಿ. ಸರಿಯಾಗಿ ಕೂರುವ ಹಳೆಯ ಶರ್ಟೊಂದನ್ನು ಜೊತೆಗೆ ಕೊಡಿ, ಟೇಪಿಗಿಂತ ಅದೇ ನಿಖರ. ಟ್ರಯಲ್ ಕೊಡದ ಟೈಲರ್ ಎಷ್ಟೇ ಹೆಸರುವಾಸಿಯಾದರೂ ಮೊದಲ ಸಲಕ್ಕೆ ಬೇಡ. ಹಬ್ಬ, ಮದುವೆ ಹಂಗಾಮಿನಲ್ಲಿ ‘ನಾಳೆ ಬನ್ನಿ ಸಾರ್’ ಎಂಬುದನ್ನು ವಾರ ಎಂದು ಓದಿಕೊಳ್ಳಿ. ಸಂದರ್ಶನಕ್ಕೆ ಹದಿನೈದು ದಿನ ಮುಂಚೆ ಬಟ್ಟೆ ಅವರ ಮೇಜಿನ ಮೇಲಿರಬೇಕು.

ಹೆಂಗಸರ ಫಾರ್ಮಲ್ ಶರ್ಟಿನ ಕಾಟ ಎದೆಯ ಗುಂಡಿಗಳ ನಡುವಿನ ಸಂದು. ದೊಡ್ಡ ಸೈಜು ಕೊಂಡರೆ ಭುಜ ಜಾರುತ್ತದೆ. ಅದರ ಬದಲು ಎದೆಗೆ ಸರಿಯಾದದ್ದು ಕೊಂಡು, ಸೊಂಟ ಹಿಡಿಸಿ, ಸಂದು ಬೀಳುವ ಜಾಗಕ್ಕೆ ಒಳಗಿನಿಂದ ಒಂದು ಟಿಚ್ ಬಟನ್ ಹಾಕಿಸಿ. ಕುರ್ತಾ ಆದರೆ ಪಕ್ಕದ ಸೀಳು ಎಲ್ಲಿಂದ ಶುರು ಎಂದು ಕೂತು ನೋಡಿ. ಸೀರೆಗೆ ನೆರಿಗೆ ಹಿಡಿದು ಇಸ್ತ್ರಿ ಮಾಡಿ, ಉಟ್ಟರೆ ಸಾಕು ಎಂಬಂತೆ ಪೆಟ್ಟಿಗೆಯಲ್ಲಿಟ್ಟು ಕೊಡುವ ಪ್ರಿ-ಪ್ಲೀಟಿಂಗ್ ಸೇವೆ ಈಗ ನಗರಗಳಲ್ಲಿ ಸಿಗುತ್ತದೆ. ಕಾಟನ್ ಸೀರೆಗೆ ಚೆನ್ನ, ನೆರಿಗೆ ದಿನವಿಡೀ ನಿಲ್ಲುತ್ತದೆ. ಕೊಡುವ ಮುಂಚೆ ನಿಮ್ಮ ಎತ್ತರ, ಸೊಂಟದ ಸುತ್ತಳತೆ, ಹಾಕುವ ಚಪ್ಪಲಿಯ ಹಿಮ್ಮಡಿ ಮೂರನ್ನೂ ಹೇಳಿ. ಜರಿಯಂಚಿನ ರೇಷ್ಮೆಗೆ ಹಾಗೆ ಮಾಡಿಸಿ ತಿಂಗಳುಗಟ್ಟಲೆ ಇಡಬೇಡಿ, ಮಡಿಕೆಯ ಗೆರೆಯಲ್ಲೇ ಜರಿ ಒಡೆಯುತ್ತದೆ.

ಶೂಗೆ ಬಂದರೆ, ಹೊಸದು ಕೊಳ್ಳುವುದಕ್ಕಿಂತ ಇರುವುದನ್ನು ಉಜ್ಜುವುದರಲ್ಲಿ ಲಾಭ. ಮೇಣದ ಪಾಲಿಶ್ ಡಬ್ಬಿಗಳಲ್ಲಿ ಹೆಸರಾದವು ಎರಡು, ಚೆರ್ರಿ ಬ್ಲಾಸಮ್ ಮತ್ತು ಕಿವಿ. ಒಂದು ಇಂಗ್ಲೆಂಡಿನದ್ದು, ಇನ್ನೊಂದು ಆಸ್ಟ್ರೇಲಿಯದ್ದು, ಎರಡೂ ಪೇಟೆಗೆ ಬಂದದ್ದು 1906ರಲ್ಲಿ. ಯಾವುದಾದರೂ ನಡೆಯುತ್ತದೆ. ಸೋಲುವುದು ಕ್ರಮದಲ್ಲಿ. ಲೇಸ್ ಬಿಚ್ಚಿ. ಒಣ ಬ್ರಷ್ಷಿನಿಂದ ಅಟ್ಟೆಯ ಅಂಚಿನ ದೂಳನ್ನೂ ಸೇರಿಸಿ ಕೊಡವಿ. ಹಳೆಯ ಬನಿಯನ್ ತುಂಡನ್ನು ಎರಡು ಬೆರಳಿಗೆ ಸುತ್ತಿ, ಕಡಲೆಕಾಳಿನಷ್ಟು ಪಾಲಿಶ್ ತೆಗೆದು ಸಣ್ಣ ಸುತ್ತುಗಳಲ್ಲಿ ಹಚ್ಚಿ. ಬಣ್ಣ ಬಳಿದಂತೆ ದಪ್ಪಗೆ ಮೆತ್ತಿದರೆ ನಡೆಯುವಾಗ ಬಗ್ಗುವ ಜಾಗದಲ್ಲಿ ಮೇಣ ಒಡೆದು ಬಿಳಿ ಗೆರೆ ಕಾಣುತ್ತದೆ. ಹತ್ತು ನಿಮಿಷ ಬಿಟ್ಟು, ಮೇಲ್ಮೈ ಮಂಕಾದ ಮೇಲೆ ಉದ್ದ ಕೂದಲಿನ ಬ್ರಷ್ಷಿನಿಂದ ಬೇಗಬೇಗ ಹಗುರವಾಗಿ ಎಳೆಯಿರಿ. ಹೊಳಪು ಬರುವುದು ಆ ಉಜ್ಜಿನ ಬಿಸಿಗೆ. ಮೂತಿಗೆ ಮಾತ್ರ ಕನ್ನಡಿ ಹೊಳಪು ಬೇಕೆಂದರೆ ಬಟ್ಟೆಗೆ ಒಂದೆರಡು ಹನಿ ನೀರು ಮುಟ್ಟಿಸಿ ಇನ್ನೊಂದು ತೆಳು ಪದರ ಕೊಡಿ.

ಸ್ಪಾಂಜಿನ ತಲೆಯಿರುವ ದ್ರವ ಪಾಲಿಶ್ ಒಣಗಿ ಪ್ಲಾಸ್ಟಿಕ್ಕಿನಂಥ ಪೊರೆಯಾಗುತ್ತದೆ, ದಿನವೂ ಹಚ್ಚಿದರೆ ಮಡಿಕೆಯಲ್ಲಿ ಬಿರಿಯುತ್ತದೆ. ‘ಇನ್‌ಸ್ಟಂಟ್ ಶೈನ್’ ಸ್ಪಾಂಜಿನಲ್ಲಿ ಸಿಲಿಕೋನ್ ಎಣ್ಣೆಯಿರುತ್ತದೆ. ಬಾಗಿಲಲ್ಲಿ ಒರೆಸಿದರೆ ಮಿರಮಿರ, ಬಸ್ ನಿಲ್ದಾಣ ತಲುಪುವಷ್ಟರಲ್ಲಿ ದೂಳಿನ ಪದರ. ಬ್ಯಾಗಿನಲ್ಲಿ ಆಪತ್ತಿಗೆ ಒಂದಿರಲಿ, ಅಷ್ಟೇ. ತೊಗಲಿನ ಶೂ ನೆನೆದರೆ ಒಳಗೆ ಹಳೆಯ ಪತ್ರಿಕೆ ತುರುಕಿ ಫ್ಯಾನಿನ ಗಾಳಿಗಿಡಿ. ಬಿಸಿಲಿಗೆ, ಒಲೆಯ ಬದಿಗೆ ಇಟ್ಟರೆ ಸೆಟೆದು ಸೀಳುತ್ತದೆ. ಒಂದೇ ಜೊತೆಯನ್ನು ದಿನಾ ಹಾಕಬೇಡಿ, ಒಳಗಿನ ಬೆವರು ಆರಲು ಒಂದು ದಿನ ಬೇಕು. ಉಡುಪಿ, ಮಂಗಳೂರಿನ ಕಡೆಯವರು ಗಮನಿಸಿ: ಮದುವೆಗೆಂದು ಎತ್ತಿಟ್ಟ ಸಿಂಥೆಟಿಕ್ ಶೂ ಒಂದೆರಡು ಮಳೆಗಾಲ ಕಳೆದ ಮೇಲೆ ಹಾಕಿಕೊಂಡ ದಿನವೇ ಅಟ್ಟೆ ಪುಡಿಯಾಗಿ ಉದುರುವುದಿದೆ. ತೇವಕ್ಕೆ ಅಟ್ಟೆಯಲ್ಲಿರುವ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಒಳಗೊಳಗೇ ಕರಗಿರುತ್ತದೆ. ಹಾಕದೆ ಉಳಿಸಿದಷ್ಟೂ ನಷ್ಟ.

ಇಸ್ತ್ರಿ ಅಂಗಡಿಗೆ ಪೂರ್ತಿ ಅಂಕ ಕೊಡುವ ಮನಸ್ಸಿದೆ, ಆದರೆ ಎರಡು ತಕರಾರಿವೆ. ಮೊದಲನೆಯದು ಮಡಚುವುದು. ಎದೆಯ ಮೇಲೆ ಅಡ್ಡಗೆರೆ, ಉದ್ದಗೆರೆ ಹೊತ್ತು ಬರುವ ಶರ್ಟು ಹೊಸ ಪೆಟ್ಟಿಗೆಯಿಂದ ತೆಗೆದ ಹಾಗಿರುತ್ತದೆ. ನಿಮ್ಮ ಹ್ಯಾಂಗರನ್ನೇ ಕೊಟ್ಟು ‘ಮಡಚಬೇಡಿ’ ಎಂದರೆ ಮಾಡಿಕೊಡುತ್ತಾರೆ. ಎರಡನೆಯದು ಕೆಂಡದ ಪೆಟ್ಟಿಗೆಯ ಕಾವು. ಅದನ್ನು ಅಳೆಯಲು ಬೆರಳಿನ ನೀರೇ ಗತಿ. ಕಪ್ಪು, ನೀಲಿ ಪ್ಯಾಂಟಿನ ಮಂಡಿ ಮತ್ತು ಸೀಟು ಫಳಫಳ ಹೊಳೆಯುತ್ತಿದ್ದರೆ ಅದು ಬಟ್ಟೆಯ ದೋಷವಲ್ಲ, ನೇರ ಕಾವಿಗೆ ಪಾಲಿಯೆಸ್ಟರ್ ಎಳೆ ಚಪ್ಪಟೆಯಾಗಿದೆ. ಒಳಬದಿಯಿಂದ ಒತ್ತಿಸಿ, ಇಲ್ಲವೇ ಮೇಲೊಂದು ಒದ್ದೆ ಹತ್ತಿ ಬಟ್ಟೆ ಹಾಸಿಸಿ. ಮನೆಯಲ್ಲೇ ಮಾಡುವವರಿಗೆ ಲೇಬಲ್ಲಿನ ಚುಕ್ಕಿಗಳು ದಾರಿ ತೋರಿಸುತ್ತವೆ: ಒಂದು ಚುಕ್ಕಿಗೆ ಸುಮಾರು 110 ಡಿಗ್ರಿ, ಎರಡಕ್ಕೆ 150, ಮೂರಕ್ಕೆ 200. ಬಟ್ಟೆ ಸ್ವಲ್ಪ ಹಸಿಯಿರುವಾಗಲೇ ಕಾಲರಿನ ಹಿಂಬದಿ, ಕಫ್, ತೋಳು, ಬೆನ್ನಿನ ಮೇಲ್ಪಟ್ಟಿ, ಆಮೇಲೆ ಮೈ. ಕಾಲರನ್ನು ತುದಿಗಳಿಂದ ನಡುವಿಗೆ ಒತ್ತಬೇಕು. ನಡುವಿನಿಂದ ತುದಿಗೆ ತಳ್ಳಿದರೆ ಸುಕ್ಕೆಲ್ಲ ಎಲ್ಲರೂ ನೋಡುವ ಮೂಲೆಯಲ್ಲಿ ಕೂರುತ್ತದೆ.

ಕಂಕುಳ ಹಳದಿ ಕಲೆಯ ಕಾರಣ ಬರಿಯ ಬೆವರಲ್ಲ. ಬೆವರು ತಡೆಯುವ ರೋಲ್-ಆನ್‌ನಲ್ಲಿರುವ ಅಲ್ಯೂಮಿನಿಯಂ ಲವಣ ಬೆವರಿನೊಡನೆ ಸೇರಿ ಕಲೆ ಮಾಡುತ್ತದೆ. ಅದನ್ನು ರಾತ್ರಿ ಒಣ ಮೈಗೆ ಹಚ್ಚಿ ಮಲಗಿ, ಬೆಳಿಗ್ಗೆ ಸ್ನಾನ ಮಾಡಿದರೂ ಕೆಲಸ ಮಾಡುತ್ತದೆ, ಶರ್ಟೂ ಉಳಿಯುತ್ತದೆ. ಕ್ಲೋರಿನ್ ಬ್ಲೀಚ್ ಸುರಿದರೆ ಹಳದಿ ಇನ್ನಷ್ಟು ಗಟ್ಟಿಯಾಗುತ್ತದೆ.

ಸಲೂನ್ ಬಗ್ಗೆ ಚುಟುಕಾಗಿ: ಸಂದರ್ಶನದ ಹಿಂದಿನ ದಿನ ಕಟಿಂಗ್ ಬೇಡ, ಐದರಿಂದ ಏಳು ದಿನ ಮುಂಚೆ ಮಾಡಿಸಿ. ‘ಶಾರ್ಟ್ ಮಾಡಿ’ ಎಂದರೆ ಕತ್ತರಿ ಹಿಡಿದವರ ಇಷ್ಟ. ಮಷಿನ್ ನಂಬರ್ ಹೇಳಿ: 2 ಎಂದರೆ ಸುಮಾರು 6 ಮಿಲಿಮೀಟರ್, 3 ಎಂದರೆ 10, 4 ಎಂದರೆ 13. ಪಕ್ಕಕ್ಕೆ 3, ಮೇಲೆ ಕತ್ತರಿ ಎಂದರೆ ಹೆಚ್ಚಿನ ಕಚೇರಿಗಳಿಗೆ ಹೊಂದುತ್ತದೆ. ಗಡ್ಡ ಬಿಟ್ಟವರು ಕತ್ತಿನ ಗೆರೆಯನ್ನು ಗಂಟಲುಗಂಟಿನ ಮೇಲೆ ಒಂದು ಬೆರಳು ಬಿಟ್ಟು ತೆಗೆಸಿ. ದವಡೆಯ ಮೂಳೆಗೇ ಗೆರೆ ಎಳೆದರೆ ಮಾತಾಡುವಾಗ ಗಲ್ಲದ ಕೆಳಗೆ ಇನ್ನೊಂದು ಗಲ್ಲ ಕಾಣುತ್ತದೆ.

ಇನ್ನು ಉಳಿದದ್ದು ನಡವಳಿಕೆ ಕಲಿಸುವ ಎರಡು ದಿನದ, ವಾರದ ಕ್ಲಾಸುಗಳು. ಕೊಡುವ ದುಡ್ಡಿಗೆ ಬಹುಪಾಲು ಸಿಗುವುದು ಪರದೆಯ ಮೇಲಿನ ಪಾಠ. ಉಪಯೋಗವಿರುವ ಅಂಶಗಳು ಬೆರಳೆಣಿಕೆಯವು. ಫೈಲು ಎಡಗೈಯಲ್ಲಿರಲಿ, ಬಲಗೈ ಬಿಡುವಿದ್ದರೆ ಕೈಕುಲುಕಲು ತಡಬಡಾಯಿಸುವುದಿಲ್ಲ. ಎದುರಿನವರು ಕೈ ಚಾಚದೆ ನಮಸ್ಕಾರ ಮಾಡಿದರೆ ನೀವೂ ನಮಸ್ಕಾರ ಮಾಡಿ, ಚಾಚಿದ ಕೈಯನ್ನು ಗಾಳಿಯಲ್ಲಿ ನಿಲ್ಲಿಸಬೇಡಿ. ಕೋಟಿದ್ದರೆ ಕೂರುವಾಗ ಗುಂಡಿ ಬಿಚ್ಚಿ, ಏಳುವಾಗ ಮೇಲಿನದೊಂದೇ ಹಾಕಿ. ಮೊಬೈಲನ್ನು ವೈಬ್ರೇಟಿಗಿಟ್ಟು ಮೇಜಿನ ಮೇಲಿಟ್ಟರೆ ರಿಂಗಿಗಿಂತ ಹೆಚ್ಚು ಗದ್ದಲ. ಬ್ಯಾಂಕು, ಸರ್ಕಾರಿ ಕಚೇರಿ, ಕಾಲೇಜುಗಳಲ್ಲಿ ‘ಸರ್’, ‘ಮೇಡಂ’ ಬಿಟ್ಟು ಹೆಸರು ಹಿಡಿದು ಕರೆದರೆ ಕೆಲಸ ಕೆಡುತ್ತದೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಮ್ಯಾನೇಜರನ್ನು ಸರ್ ಎಂದರೆ ಅವರೇ ‘ಹೆಸರು ಹೇಳಿ ಸಾಕು’ ಎನ್ನುತ್ತಾರೆ. ಅವರು ಹೇಳುವ ತನಕ ಸರ್ ಎನ್ನುವುದರಿಂದ ನಷ್ಟವಿಲ್ಲ.

ಸೇರುವ ಮುಂಚೆ ಎರಡು ಪ್ರಶ್ನೆ ಕೇಳಿ. ಒಂದು ಬ್ಯಾಚಿಗೆ ಎಷ್ಟು ಜನ? ನಾವು ಮಾತಾಡುವುದನ್ನು ವಿಡಿಯೊ ತೆಗೆದು ನಮಗೇ ತೋರಿಸುತ್ತೀರಾ? ಮೂವತ್ತು ಜನರ ಬ್ಯಾಚಿನಲ್ಲಿ ಒಂದು ಗಂಟೆಗೆ ನಿಮ್ಮ ಪಾಲಿಗೆ ಬರುವುದು ಎರಡು ನಿಮಿಷ. ಉತ್ತರ ಸಮಾಧಾನ ತರದಿದ್ದರೆ ಆ ಶುಲ್ಕದಲ್ಲಿ ಇನ್ನೊಂದು ಶರ್ಟು ಕೊಳ್ಳಿ. ಮನೆಯಲ್ಲಿ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿಟ್ಟು, ಸಂದರ್ಶನದ ಬಟ್ಟೆಯನ್ನೇ ತೊಟ್ಟು ಎದುರು ಕುರ್ಚಿಯಲ್ಲಿ ಕೂತು ‘ನಿಮ್ಮ ಬಗ್ಗೆ ಹೇಳಿ’ ಎಂಬುದಕ್ಕೆ ಎರಡು ನಿಮಿಷ ಉತ್ತರಿಸಿ ರೆಕಾರ್ಡ್ ಮಾಡಿ. ಮೊದಲ ಸಲ ದನಿ ಮುಚ್ಚಿ ನೋಡಿ: ಕೈ ಎಷ್ಟು ಸಲ ಕಾಲರಿಗೆ ಹೋಯಿತು ಎಂದು ಎಣಿಸಿ. ಮೂರಕ್ಕಿಂತ ಹೆಚ್ಚಾದರೆ ಕಾಲರು ಬಿಗಿಯಿದೆ, ಗುಂಡಿಯನ್ನು ಕಾಲು ಇಂಚು ಸರಿಸಲು ಟೈಲರ್ ಹತ್ತಿರ ಹೋಗಿ ಬನ್ನಿ.